ಪೌಲನ ದಾರಿಯಲ್ಲಿ ಏಳು ದಿನ: ಕವಾಲಾದಿಂದ ಕೆಂಖ್ರೆಯವರೆಗೆ

ನಮ್ಮ ಅಜ್ಜಿಯ ತಾಯಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮಗ್ಗದಲ್ಲಿ ನೇಯುತ್ತಿದ್ದರು. ಅಜ್ಜಿ ಅಕ್ಷರ ಕಲಿತದ್ದು ಕನ್ನಡ ಬೈಬಲಿನಿಂದ. ಸಂಜೆ ದೀಪ ಹಚ್ಚಿದ ಮೇಲೆ ಅವರು ಗಟ್ಟಿಯಾಗಿ ಓದುತ್ತಿದ್ದರು: ಫಿಲಿಪ್ಪಿಯವರಿಗೆ, ಥೆಸಲೊನೀಕದವರಿಗೆ, ಕೊರಿಂಥದವರಿಗೆ. ಏಸುವಿನ ಮಾತು ಸಾರುತ್ತಾ ಊರೂರು ತಿರುಗಿದ ಪೌಲ ಅನ್ನುವವನು ಆ ಊರುಗಳ ಭಕ್ತರ ಸಭೆಗಳಿಗೆ ಬರೆದ ಪತ್ರಿಕೆಗಳು ಅವು. ಇವೆಲ್ಲ ಯಾರೋ ದೂರದ ನೆಂಟರಿಗೆ ಬರೆದ ಕಾಗದಗಳು ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಆ ನೆಂಟರ ಊರುಗಳನ್ನು ನೋಡಲೇಬೇಕು ಅನ್ನೋ ಆಸೆ ಆಗಿನಿಂದಲೂ ಇತ್ತು. ಈ ಸಲ ಅಕ್ಟೋಬರಿನಲ್ಲಿ ಗ್ರೀಸಿಗೆ ಹೊರಟೆ. ಅಜ್ಜಿಯ ಬೈಬಲ್ ಕೈಚೀಲದಲ್ಲಿತ್ತು.

ದಿನ 1: ಕವಾಲಾ

ಅಥೆನ್ಸಿನಿಂದ ಸಣ್ಣ ವಿಮಾನ ಹತ್ತಿ ಕವಾಲಾಕ್ಕೆ ಬಂದಿಳಿದೆ. ಬೆಟ್ಟದ ಮೇಲೆ ಹಳೇ ಕೋಟೆ, ಊರ ನಡುವೆ ಕಮಾನುಗಳ ಮೇಲೆ ನಿಂತ ನೀರಿನ ಕಾಲುವೆ, ಕೆಳಗೆ ಬಂದರು. ಬಂದರಿನಲ್ಲಿ ಮೀನು ಬಲೆಗಳನ್ನು ಒಣಗಲು ಹರಡಿದ್ದರು. ಮಲ್ಪೆಯ ವಾಸನೆಯೇ ಬಂತು.

ಬೈಬಲಿನ ನೆಯಾಪೊಲಿ ಇದೇ ಊರು. ಏಸು ಯೆರೂಸಲೇಮಿನಲ್ಲಿ ಶಿಲುಬೆಗೇರಿ ಆಗ ಸುಮಾರು ಇಪ್ಪತ್ತು ವರ್ಷ ಆಗಿತ್ತು. ಕ್ರಿ.ಶ. 49 ಅಥವಾ 50ರ ಹೊತ್ತಿಗೆ ಪೌಲ, ಅವನ ಜೊತೆಗಾರರಾದ ಸೀಲ, ತಿಮೊಥೆ ಈಗಿನ ಟರ್ಕಿಯ ತ್ರೋವದಿಂದ ಹಡಗು ಹತ್ತಿದರು. ಸಮೊಥ್ರಾಕೆ ದ್ವೀಪದ ಮೇಲಿಂದ ಎರಡು ದಿನದಲ್ಲಿ ಇಲ್ಲಿಗೆ ಬಂದರು. ಸಂತ ನಿಕೊಲಾಸನ ಚರ್ಚಿನ ಪಕ್ಕ ಇದರ ನೆನಪಿಗೆ ಒಂದು ದೊಡ್ಡ ಬಣ್ಣಗಲ್ಲಿನ ಚಿತ್ರ ಇದೆ. ಆ ಚರ್ಚು ಮೊದಲು ಒಟ್ಟೊಮನ್ನರ ಕಾಲದ ಮಸೀದಿ ಆಗಿತ್ತು.

ಪ್ರವಾಸಿಗಳಿಗೆ ಇಲ್ಲಿ ಹೇಳುವ ಮಾತು ಒಂದೇ: ಯೂರೋಪಿಗೆ ಕ್ರೈಸ್ತ ಧರ್ಮ ಕಾಲಿಟ್ಟದ್ದು ಇಲ್ಲೇ. ನನಗೆ ಅದು ಪೂರ್ತಿ ಒಪ್ಪಿಗೆ ಆಗಲಿಲ್ಲ. ಪೌಲ ಮುಂದೆ ರೋಮಿನವರಿಗೆ ಕಾಗದ ಬರೆದಾಗ ಆ ಊರನ್ನು ಅವನು ನೋಡಿಯೇ ಇರಲಿಲ್ಲ. ಆದರೂ ಅಲ್ಲಿ ಭಕ್ತರು ಆಗಲೇ ಇದ್ದರು. ಅವರಿಗೆ ಹೇಳಿದವರು ಯಾರು? ವ್ಯಾಪಾರಿಗಳು, ಗುಲಾಮರು, ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿ ಬಂದ ಯೆಹೂದ್ಯರು ಇರಬಹುದು. ಅವರಿಗೆ ಎಲ್ಲೂ ಸ್ಮಾರಕ ಇಲ್ಲ. ಮತ್ತೆ ಪೌಲನಿಗೆ ಇದು ಬೇರೆ ಖಂಡ ಅಂತ ಅನಿಸಿರಲಾರದು. ಸಮುದ್ರದ ಎರಡೂ ದಡದಲ್ಲಿ ರೋಮಿನದೇ ಆಳ್ವಿಕೆ, ಸಂತೆಯಲ್ಲಿ ಅದೇ ಗ್ರೀಕ್ ಮಾತು.

ದಿನ 2: ಫಿಲಿಪ್ಪಿ

ಬೆಳಿಗ್ಗೆ ಬಸ್ಸು ಹತ್ತಿದೆ. ಕವಾಲಾದಿಂದ ಫಿಲಿಪ್ಪಿಗೆ ಸುಮಾರು 15 ಕಿಲೋಮೀಟರ್. ಗುಡ್ಡ ದಾಟಿದ ಕೂಡಲೆ ಅಗಲವಾದ ಬಯಲು ತೆರೆದುಕೊಂಡಿತು. ಕ್ರಿ.ಪೂ. 42ರಲ್ಲಿ ಜೂಲಿಯಸ್ ಸೀಸರನ ಕೊಲೆಗಾರರಾದ ಬ್ರೂಟಸ್ ಮತ್ತು ಕ್ಯಾಸಿಯಸ್ ಸೋತದ್ದು ಈ ಬಯಲಲ್ಲೇ. ಗೆದ್ದವರು ತಮ್ಮ ನಿವೃತ್ತ ಸೈನಿಕರಿಗೆ ಇಲ್ಲಿ ಜಮೀನು ಕೊಟ್ಟರು. ಹಾಗಾಗಿ ಪೌಲ ಬಂದಾಗ ಇದು ಗ್ರೀಕ್ ನೆಲದಲ್ಲಿದ್ದ ರೋಮನ್ ಊರು. ಇಲ್ಲಿಯ ಶಾಸನಗಳಲ್ಲಿ ಲ್ಯಾಟಿನ್ ಭಾಷೆ ತುಂಬ ಕಾಣುತ್ತದೆ.

ಹಾಳೂರಿಗೆ ಹೋಗುವ ಮೊದಲು ನಾನು ಹೊಳೆಗೆ ಹೋದೆ. ಹೊಳೆ ಅಂದರೆ ಸಣ್ಣ ತೊರೆ ಅಷ್ಟೇ. ಹೆಸರು ಜಿಗಾಕ್ತಿಸ್. ಎರಡೂ ಕಡೆ ಎತ್ತರದ ಮರಗಳು, ತಣ್ಣಗಿನ ಸ್ವಚ್ಛ ನೀರು. ಊರಲ್ಲಿ ಯೆಹೂದ್ಯರ ಸಭಾಮಂದಿರ ಇದ್ದ ಹಾಗೆ ಕಾಣುವುದಿಲ್ಲ. ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನ, ಪೌಲ ಪ್ರಾರ್ಥನೆಯ ಜಾಗ ಹುಡುಕಿಕೊಂಡು ಊರ ಬಾಗಿಲಿನ ಆಚೆ ನದಿ ದಡಕ್ಕೆ ಬಂದ ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದಲ್ಲಿದೆ. ಅಲ್ಲಿ ಕೂಡಿದ್ದವರು ಹೆಂಗಸರು. ಅವರಲ್ಲಿ ಒಬ್ಬಳು ಲುದ್ಯ. ಊರು ಥುವತೈರ, ಅಂದರೆ ಈಗಿನ ಟರ್ಕಿಯ ಅಖಿಸಾರ್. ಬಣ್ಣ ಹಾಕುವವರ ಸಂಘವೇ ಇದ್ದ ಊರು ಅದು. ಅವಳ ಕಸುಬು ಕೆನ್ನೇರಳೆ ಬಟ್ಟೆಯ ವ್ಯಾಪಾರ.

ಅವಳ ಕಥೆಯನ್ನು ಅಜ್ಜಿ ಎಷ್ಟು ಸಲ ಓದಿದ್ದರೋ ಲೆಕ್ಕ ಇಲ್ಲ. ಅವಳೂ ಅವಳ ಮನೆಯವರೂ ಕ್ರೈಸ್ತರಾಗುವ ದೀಕ್ಷಾಸ್ನಾನ ಮಾಡಿಸಿಕೊಂಡರು. ಆಮೇಲೆ "ನನ್ನ ಮನೆಗೆ ಬಂದು ಇರಿ" ಅಂತ ಅವಳೇ ಪೌಲನನ್ನು ಬಲವಂತ ಮಾಡಿ ಕರೆದುಕೊಂಡು ಹೋದಳು. ಫಿಲಿಪ್ಪಿಯ ಮೊದಲ ಸಭೆ ಅಂದರೆ ಅವಳ ಮನೆ. ಗಂಡನ ಮಾತು ಕಥೆಯಲ್ಲಿ ಎಲ್ಲೂ ಇಲ್ಲ. ಮನೆ ಅವಳದು, ವ್ಯಾಪಾರ ಅವಳದು, ತೀರ್ಮಾನವೂ ಅವಳದೇ. ನೂಲು, ಬಣ್ಣ, ಮಗ್ಗ ಇವುಗಳ ನಡುವೆ ಬೆಳೆದ ಅಜ್ಜಿಗೆ ಇದು ಯಾಕೆ ಅಷ್ಟು ಇಷ್ಟ ಅಂತ ನನಗೆ ನೀರಲ್ಲಿ ಕಾಲಿಟ್ಟು ಕೂತಾಗ ಅರ್ಥ ಆಯ್ತು.

ಹೊಳೆ ಪಕ್ಕದ ಎಂಟು ಮೂಲೆಯ ಚರ್ಚು ಹಳೆಯದೇನಲ್ಲ, 1970ರ ದಶಕದ್ದು. ಒಳಗೆ ಒಂದು ಮಗುವಿನ ದೀಕ್ಷಾಸ್ನಾನ ನಡೆಯುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಒಬ್ಬ ಅಜ್ಜಿ ಬಂದು ಕೈಗೆ ಸಕ್ಕರೆ ಲೇಪದ ಬಾದಾಮಿಯ ಪೊಟ್ಟಣ ಇಟ್ಟು ಕೆನ್ನೆ ತಟ್ಟಿ ಹೋದರು.

ಮಧ್ಯಾಹ್ನ ಹಾಳೂರು. ವಿಯಾ ಎಗ್ನಾಶಿಯಾ ಊರ ನಡುವೆಯೇ ಹಾಯುತ್ತದೆ. ರೋಮನ್ನರು ಕ್ರಿ.ಪೂ. 2ನೇ ಶತಮಾನದಲ್ಲಿ ಆಡ್ರಿಯಾಟಿಕ್ ಸಮುದ್ರದ ದಡದಿಂದ ಪೂರ್ವಕ್ಕೆ ಹಾಕಿದ ಹೆದ್ದಾರಿ ಅದು. ಹಾಸುಗಲ್ಲುಗಳಲ್ಲಿ ಗಾಡಿ ಚಕ್ರ ಕೊರೆದ ಗೀರುಗಳಿವೆ. ಸೈನ್ಯಕ್ಕೆ ಅಂತ ಹಾಕಿದ ಈ ದಾರಿಯಲ್ಲಿ ಲುದ್ಯಳ ಬಟ್ಟೆ ಮೂಟೆಗಳೂ ಹೋಗಿರಬೇಕು, ಪೌಲನ ಮಾತೂ ಹೋಯಿತು.

ಪೌಲನ ಸೆರೆಮನೆ ಅಂತ ಒಂದು ಕತ್ತಲೆ ಕೋಣೆ ತೋರಿಸುತ್ತಾರೆ. ಅದು ಅಸಲಿಗೆ ರೋಮನ್ನರ ನೀರಿನ ತೊಟ್ಟಿ, ಆಮೇಲೆ ಜನರ ಭಕ್ತಿ ಅಲ್ಲಿ ನೆಲೆ ನಿಂತಿತು ಅನ್ನುತ್ತಾರೆ ಅಗೆತ ಮಾಡಿದವರು. ಸೆರೆಯ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಒಬ್ಬ ಗುಲಾಮ ಹುಡುಗಿಯ ಹತ್ತಿರ. ಅವಳ ಮೈಮೇಲೆ ಬರುತ್ತಿತ್ತು, ಕಣಿ ಹೇಳುತ್ತಿದ್ದಳು, ಯಜಮಾನರು ಅದರಿಂದ ದುಡ್ಡು ಮಾಡುತ್ತಿದ್ದರು. ಪೌಲ ಅದನ್ನು ಬಿಡಿಸಿದ. ಆದಾಯ ನಿಂತಿತು ಅಂತ ಯಜಮಾನರು ಪೌಲನನ್ನೂ ಸೀಲನನ್ನೂ ಚೌಕಕ್ಕೆ ಎಳೆದು ಹೊಡೆಸಿ ಸೆರೆಗೆ ಹಾಕಿಸಿದರು. ಮುಂದೆ ಆ ಹುಡುಗಿ ಏನಾದಳು? ಬರೆದವನು ಹೇಳುವುದಿಲ್ಲ. ಅವಳನ್ನು ಅಲ್ಲಿಗೇ ಕೈಬಿಟ್ಟದ್ದು ನನಗೆ ಇವತ್ತಿಗೂ ನೋವು.

ಹಾಳೂರಿನ ಒಳಗೂ ಎಂಟು ಮೂಲೆಯ ಒಂದು ಚರ್ಚಿದೆ, ಇದು ಹಳೆಯದು. ಇದರ ಅಡಿಯಲ್ಲಿ ಅದಕ್ಕಿಂತ ಹಳೆಯ ಪ್ರಾರ್ಥನಾಮಂದಿರದ ನೆಲ ಸಿಕ್ಕಿದೆ. ಬಣ್ಣದ ಕಲ್ಲುಚೂರುಗಳಲ್ಲಿ ಗ್ರೀಕ್ ಬರಹ ಇದೆ: ಬಿಷಪ್ ಪೋರ್ಫಿರಿಯೋಸ್ ಪೌಲನ ಮಂದಿರದ ಈ ಕೆಲಸವನ್ನು ಕ್ರಿಸ್ತನಲ್ಲಿ ಮಾಡಿಸಿದ ಅಂತ. ಈ ಬಿಷಪ್ 343ರ ಸುಮಾರಿಗೆ ಇದ್ದವನು. ಹಾಗಾಗಿ ಗ್ರೀಸಿನಲ್ಲಿ ಕಾಲ ಗೊತ್ತಿರುವ ತುಂಬ ಹಳೆಯ ಚರ್ಚುಗಳಲ್ಲಿ ಇದೂ ಒಂದು. ನೆಲದ ಚಿತ್ತಾರಕ್ಕೆ ಅಲ್ಲಿ ಬಳಸಿದ ಗ್ರೀಕ್ ಮಾತು "ಕೆಂತಿಸಿಸ್", ಅಂದರೆ ಕಸೂತಿ. ಕಲ್ಲಿನ ಕಸೂತಿ! ಬಟ್ಟೆ ಮಾರುವವಳ ಮನೆಯಲ್ಲಿ ಶುರುವಾದ ಸಭೆಗೆ ಮುನ್ನೂರು ವರ್ಷದ ಮೇಲೆ ಈ ಮಾತು ಸಿಕ್ಕಿತು. ಲೆಕ್ಕ ಹಾಕಿ ಮಾಡಿದ್ದಲ್ಲ. ಆದರೂ ನನಗೆ ಕಣ್ಣು ತುಂಬಿತು.

ಆ ಮುನ್ನೂರು ವರ್ಷವನ್ನು ನೆನೆಯಬೇಕು. ಅಷ್ಟು ಕಾಲ ಈ ಜನ ಹೆಚ್ಚಾಗಿ ಮನೆಗಳಲ್ಲೇ ಸೇರಿದರು. ಅಡುಗೆ ಆದಮೇಲೆ, ಕೆಲಸ ಮುಗಿದಮೇಲೆ, ಇಲ್ಲವೇ ಬೆಳಕು ಹರಿಯುವ ಮುಂಚೆ.

ದಿನ 3: ಥೆಸಲೊನೀಕ

ಕವಾಲಾದಿಂದ ಎರಡೂವರೆ ಗಂಟೆ ಬಸ್ಸು. ಈಗಿನ ಹೆದ್ದಾರಿಗೂ ಎಗ್ನಾಶಿಯಾ ಅನ್ನೋ ಹಳೇ ಹೆಸರೇ. ಪಕ್ಕದಲ್ಲಿ ವೊಲ್ವಿ ಕೆರೆ ತುಂಬ ಹೊತ್ತು ಜೊತೆಗೇ ಬಂತು. ಬೆನ್ನಿನ ಮೇಲೆ ಬಾಸುಂಡೆ ಇಟ್ಟುಕೊಂಡು ಪೌಲ ಈ ಇಡೀ ದಾರಿಯನ್ನು ಹೇಗೆ ಕಳೆದನೋ.

ಥೆಸಲೊನೀಕ ದೊಡ್ಡ ಊರು, ಗಲಾಟೆ ಜಾಸ್ತಿ. ಬೂಗಾತ್ಸ ಅನ್ನೋ ಇಲ್ಲಿಯ ತಿಂಡಿ ತಿಂದು, ಕಾಫಿ ಕುಡಿದು ನಡೆಯಲು ಶುರು ಮಾಡಿದೆ. ಪೌಲ ಇಲ್ಲಿಯ ಸಭಾಮಂದಿರದಲ್ಲಿ ಮೂರು ಸಬ್ಬತ್ ಮಾತಾಡಿದ. ಜಗಳ ಆಯ್ತು. ಅವನಿಗೆ ಜಾಗ ಕೊಟ್ಟ ಯಾಸೋನನನ್ನು ಜನ ಊರ ಅಧಿಕಾರಿಗಳ ಮುಂದೆ ಎಳೆದರು. ಆ ಅಧಿಕಾರಿಗಳನ್ನು ಮೂಲದಲ್ಲಿ "ಪೊಲಿತಾರ್ಕ" ಅಂತ ಕರೆದಿದೆ. ಬೇರೆ ಹಳೇ ಪುಸ್ತಕಗಳಲ್ಲಿ ಈ ಮಾತು ಇಲ್ಲ. ಆಮೇಲೆ ಇಲ್ಲಿಯ ವಾರ್ದಾರ್ ಬಾಗಿಲಿನ ಶಾಸನದಲ್ಲಿ ಅದೇ ಮಾತು ಸಿಕ್ಕಿತು. 1876ರಲ್ಲಿ ಬಾಗಿಲನ್ನು ಕೆಡವಿದರು. ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಊರಿನ ಕಲ್ಲು ಊರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು.

ಪೌಲ ರಾತ್ರೋರಾತ್ರಿ ಇಲ್ಲಿಂದ ಹೊರಟ. ಆದರೆ ಮನಸ್ಸು ಇಲ್ಲೇ ಇತ್ತು. ಸುಮಾರು ಕ್ರಿ.ಶ. 50ರಲ್ಲಿ ಕೊರಿಂಥದಿಂದ ಇವರಿಗೆ ಕಾಗದ ಬರೆದ. ಈಗ ಉಳಿದಿರುವ ಕ್ರೈಸ್ತ ಬರಹಗಳಲ್ಲಿ ಎಲ್ಲಕ್ಕಿಂತ ಹಳೆಯದು ಈ ಮೊದಲನೆಯ ಥೆಸಲೊನೀಕ ಪತ್ರಿಕೆಯೇ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಏಸುವಿನ ಬದುಕಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳು ಬಂದದ್ದು ಅದರ ನಂತರ. ಅಂದರೆ ಈ ಧರ್ಮದ ಮೊದಲ ಬರಹ ಶಾಸ್ತ್ರ ಅಲ್ಲ, ಸಿದ್ಧಾಂತ ಅಲ್ಲ, ಒಂದು ಕಾಗದ. ನಿಮಗೆ ಭಾರ ಆಗಬಾರದು ಅಂತ ಹಗಲು ರಾತ್ರಿ ದುಡಿದೆವಲ್ಲ, ನೆನಪಿದೆಯಾ ಅಂತ ಅದರಲ್ಲಿ ಕೇಳುತ್ತಾನೆ. ತೀರಿಹೋದ ತಮ್ಮವರ ಗತಿ ಏನು ಅಂತ ದುಃಖದಲ್ಲಿದ್ದವರಿಗೆ ಸಮಾಧಾನ ಹೇಳುತ್ತಾನೆ. ಸಮುದ್ರ ದಂಡೆಯ ಬೆಂಚಿನ ಮೇಲೆ ಕೂತು ಪೂರ್ತಿ ಓದಿದೆ. ಅರ್ಧ ಗಂಟೆಯೂ ಬೇಕಾಗಲಿಲ್ಲ.

ಸಂಜೆ ರೋಟುಂಡಾ. 300ರ ದಶಕದ ಆರಂಭದಲ್ಲಿ ಚಕ್ರವರ್ತಿ ಗಲೇರಿಯಸ್ ಕಟ್ಟಿಸಿದ ದುಂಡನೆಯ ಕಟ್ಟಡ. ಗೋಡೆಯ ದಪ್ಪವೇ ಆರು ಮೀಟರ್. 303ರಲ್ಲಿ ಕ್ರೈಸ್ತರ ಮೇಲೆ ಶುರುವಾದ ದೊಡ್ಡ ಹಿಂಸೆಯಲ್ಲಿ ಮುಂದೆ ನಿಂತವನು ಈ ಗಲೇರಿಯಸ್. ಚರ್ಚು ಕೆಡವಿದರು, ಪುಸ್ತಕ ಸುಟ್ಟರು, ಜನರನ್ನು ಕೊಂದರು. 311ರಲ್ಲಿ ಸಾಯುವ ಹೊತ್ತಿಗೆ ಅವನೇ ಆಜ್ಞೆ ಹೊರಡಿಸಿದ: ಕ್ರೈಸ್ತರು ಬದುಕಿಕೊಳ್ಳಲಿ, ಸೇರಿಕೊಳ್ಳಲಿ, ನಮಗಾಗಿ ತಮ್ಮ ದೇವರನ್ನು ಬೇಡಿಕೊಳ್ಳಲಿ. ಮುಂದೆ ಅವನ ಕಟ್ಟಡವೇ ಚರ್ಚಾಯಿತು. ಗುಮ್ಮಟದ ಒಳಗೆ ಬಂಗಾರದ ಹಿನ್ನೆಲೆಯಲ್ಲಿ ಕೈಯೆತ್ತಿ ಪ್ರಾರ್ಥಿಸುವ ಸಂತರು ಇದ್ದಾರೆ. ಒಟ್ಟೊಮನ್ನರ ಕಾಲದಲ್ಲಿ ಅದು ಮಸೀದಿ ಆಯಿತು. ಆ ಮಿನಾರ್ ಇನ್ನೂ ಹೊರಗೆ ನಿಂತಿದೆ. ಕತ್ತು ನೋಯುವವರೆಗೂ ಮೇಲೆ ನೋಡಿದೆ.

ಇನ್ನೊಂದು ಜಾಗವನ್ನು ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ. ಬಂದರಿನ ಹತ್ತಿರದ ಎಲೆಫ್ಥೆರಿಯಾಸ್ ಚೌಕದಲ್ಲಿ ಈ ಊರಿನ ಯೆಹೂದ್ಯರ ಸ್ಮಾರಕ ಇದೆ. 1943ರಲ್ಲಿ ನಾಜಿಗಳು 40,000ಕ್ಕೂ ಹೆಚ್ಚು ಜನರನ್ನು ಇಲ್ಲಿಂದ ರೈಲಿನಲ್ಲಿ ಔಶ್ವಿಟ್ಸ್‌ಗೆ ಸಾಗಿಸಿದರು. ಪೌಲ ಯೆಹೂದ್ಯ. ಸೀಲ ಯೆಹೂದ್ಯ. ಅವರು ಎತ್ತಿ ಹೇಳಿದ ಗ್ರಂಥ ಯೆಹೂದ್ಯರದು, ಮೊದಲು ಕೇಳಿದವರೂ ಅವರೇ. ಸಭಾಮಂದಿರದ ಆ ವಾದ ಒಂದೇ ಮನೆಯವರ ವಾದ. ಮುಂದಿನ ಶತಮಾನಗಳಲ್ಲಿ ಕ್ರೈಸ್ತರು ಅದನ್ನು ಹಗೆಯ ಕಥೆ ಮಾಡಿಕೊಂಡರು. ಅಲ್ಲಿ ನಾನು ಬೈಬಲ್ ತೆರೆಯಲಿಲ್ಲ. ಸುಮ್ನೆ ನಿಂತಿದ್ದೆ.

ದಿನ 4: ಬೆರೋಯ

ಈಗಿನ ಹೆಸರು ವೆರಿಯಾ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಎರಡೂ ಕಡೆ ಪೀಚ್ ಹಣ್ಣಿನ ತೋಟ. ಪೌಲ ನಿಂತು ಮಾತಾಡಿದ ಜಾಗ ಅಂತ ಇಲ್ಲಿ ಒಂದು ವೇದಿಕೆ ಇದೆ. ಬಣ್ಣಗಲ್ಲಿನ ಚಿತ್ರಗಳು ಹೊಸವು. ಬೆರೋಯದವರನ್ನು ಬೈಬಲ್ ಹೊಗಳುವುದು ಒಂದೇ ಕಾರಣಕ್ಕೆ. ಪೌಲ ಹೇಳಿದ್ದನ್ನು ಕೇಳಿ ತಲೆಯಾಡಿಸಲಿಲ್ಲ, ಹೌದೋ ಅಲ್ಲವೋ ಅಂತ ದಿನಾ ಗ್ರಂಥ ತೆಗೆದು ನೋಡಿದರು. ಒಳ್ಳೇ ಗುಣ ಅಲ್ವಾ? ಹೊಳೆಯ ದಡದ ಬಾರ್ಬೂತಾ ಅನ್ನೋ ಹಳೇ ಯೆಹೂದ್ಯರ ಕೇರಿ ನೋಡಿ, ರಾತ್ರಿಗೆ ಥೆಸಲೊನೀಕಕ್ಕೆ ವಾಪಸ್ ಬಂದೆ.

ದಿನ 5: ದಾರಿ

ಇಡೀ ದಿನ ಬಸ್ಸು. ಬಲಗಡೆ ಒಲಿಂಪಸ್ ಬೆಟ್ಟ ಮೋಡ ಹೊದ್ದು ಮಲಗಿತ್ತು. ರಾತ್ರಿ ಅಥೆನ್ಸ್.

ದಿನ 6: ಅಥೆನ್ಸ್

ಅರಿಯೊಪಾಗ ಅಂದರೆ ಅಕ್ರೊಪೊಲಿಸಿನ ಕೆಳಗಿರುವ ಬೋಳು ಬಂಡೆ. ಜನ ತುಳಿದು ತುಳಿದು ಜಾರುವಷ್ಟು ನುಣುಪಾಗಿದೆ. ಬುಡದಲ್ಲಿ ಹಿತ್ತಾಳೆಯ ಬಣ್ಣದ ಒಂದು ಫಲಕ, ಅದರಲ್ಲಿ ಪೌಲನ ಭಾಷಣ ಗ್ರೀಕಿನಲ್ಲಿದೆ. ಮೇಲೆ ಹತ್ತಿ ನೋಡಿದರೆ ಒಂದು ಕಡೆ ಪಾರ್ಥೆನಾನ್, ಇನ್ನೊಂದು ಕಡೆ ಕೆಳಗೆ ಅಗೋರಾ. ಸಂತೆ, ನ್ಯಾಯ, ತತ್ವಚರ್ಚೆ ಎಲ್ಲ ನಡೆಯುತ್ತಿದ್ದ ಜಾಗ ಅದು.

"ತಿಳಿಯದ ದೇವರಿಗೆ" ಅಂತ ಬರೆದಿದ್ದ ಬಲಿಪೀಠ ಒಂದನ್ನು ಪೌಲ ಊರಲ್ಲಿ ನೋಡಿದ್ದ. ಮಾತು ಅಲ್ಲಿಂದ ಶುರು ಮಾಡಿದ. ಅವರದೇ ಕವಿಯ ಸಾಲು ಹೇಳಿದ: ನಾವು ಅವನ ಸಂತಾನ. ಅದು ಅರಾತೋಸ್ ಅನ್ನೋ ಕವಿಯ ಸಾಲು. ಕೇಳುವವರ ಮನೆಯಲ್ಲಿ ಇರುವುದನ್ನೇ ಎತ್ತಿಕೊಂಡು ಮಾತಾಡುವ ಈ ರೀತಿ ನನಗೆ ತುಂಬ ಹಿಡಿಸುತ್ತದೆ. ಆದರೆ ಸತ್ತವನು ಎದ್ದ ಅಂದ ಕೂಡಲೆ ಕೆಲವರು ನಕ್ಕರು. ಕೆಲವರು ಇನ್ನೊಂದು ಸಲ ಕೇಳೋಣ ಅಂದರು. ಒಪ್ಪಿದವರು ಕೆಲವರೇ. ದಿಯೊನುಸ್ಯ ಅಂತ ಒಬ್ಬ, ದಾಮರಿ ಅಂತ ಒಬ್ಬ ಹೆಂಗಸು, ಈ ಎರಡೇ ಹೆಸರು ಉಳಿದಿವೆ.

ಬೈಬಲಿನಲ್ಲಿ ಅಥೆನ್ಸಿನವರಿಗೆ ಅಂತ ಒಂದು ಪತ್ರಿಕೆ ಇಲ್ಲ. ಈ ಬಂಡೆ ಮೇಲೆ ಕೂತು ಅದನ್ನು ಯೋಚಿಸಿದೆ. ಪೌಲ ಪಂಡಿತರ ಮುಂದೆ ಆಡಿದ ಈ ಮಾತು ಅವನ ಭಾಷಣಗಳಲ್ಲೇ ತುಂಬ ಹೆಸರುವಾಸಿ. ಆದರೆ ಬೇರು ಬಿಟ್ಟದ್ದು ಬೇರೆ ಕಡೆ. ಇಲ್ಲಿಂದ 80 ಕಿಲೋಮೀಟರ್ ಆಚೆ, ಒಂದು ಡೇರೆ ಹೊಲಿಯುವ ಅಂಗಡಿಯಲ್ಲಿ.

ದಿನ 7: ಕೊರಿಂಥ, ಕೆಂಖ್ರೆ

ಬೆಳಿಗ್ಗೆ ರೈಲು. ಒಂದೂಕಾಲು ಗಂಟೆಗೆ ಕೊರಿಂಥ. ದಾರಿಯಲ್ಲಿ ಕಾಲುವೆ ಒಂದು ಕ್ಷಣ ಕಂಡು ಮರೆಯಾಯಿತು. ನೀರೋ ಚಕ್ರವರ್ತಿ ಶುರು ಮಾಡಿ ನಿಂತುಹೋದ ಆ ಕೆಲಸ ಮುಗಿದದ್ದು 1893ರಲ್ಲಿ. ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ಹಳೇ ಊರಿಗೆ ಹೋದೆ. ಅಪೊಲೋ ಗುಡಿಯ ಏಳು ಕಂಬ ನಿಂತಿವೆ, ಹಿಂದೆ ಅಕ್ರೊಕೊರಿಂಥದ ದೊಡ್ಡ ಗುಡ್ಡ.

ರೋಮನ್ನರು ಕ್ರಿ.ಪೂ. 146ರಲ್ಲಿ ಈ ಊರನ್ನು ನೆಲಸಮ ಮಾಡಿದರು. ನೂರು ವರ್ಷದ ಮೇಲೆ, ಕ್ರಿ.ಪೂ. 44ರಲ್ಲಿ, ಸೀಸರ್ ಮತ್ತೆ ಕಟ್ಟಲು ಹೇಳಿದ. ಬಿಡುಗಡೆಯಾದ ಗುಲಾಮರು ತುಂಬ ಜನ ಇಲ್ಲಿ ನೆಲೆಸಿದರು. ಎರಡು ಸಮುದ್ರಕ್ಕೆ ಎರಡು ಬಂದರು. ಯಾರೂ ಇಲ್ಲಿ ತಲೆತಲಾಂತರದ ದೊಡ್ಡ ಮನೆಯವರಲ್ಲ. ಎಲ್ಲರೂ ಬಂದು ದುಡಿದು ಮೇಲೆ ಬಂದವರೇ.

ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗಂಡ ಹೆಂಡತಿಯೂ ಹಾಗೆ ಬಂದವರು. ಕ್ಲಾಡಿಯಸ್ ಚಕ್ರವರ್ತಿ ರೋಮಿನಿಂದ ಯೆಹೂದ್ಯರನ್ನು ಹೊರಗೆ ಹಾಕಿದಾಗ ಇಲ್ಲಿಗೆ ಬಂದರು. ಅವರ ಕಸುಬು ಡೇರೆ ಹೊಲಿಯುವುದು. ಪೌಲನದೂ ಅದೇ. ಅವರ ಜೊತೆಯಲ್ಲೇ ಉಳಿದು ದುಡಿದ. ಒಂದೂವರೆ ವರ್ಷ! ಪಕ್ಕದ ಇಸ್ತ್ಮಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಆಟೋಟ ನಡೆಯುತ್ತಿತ್ತು. ಬಂದ ಜನಕ್ಕೆ ನೆರಳು, ಡೇರೆ ಬೇಕಲ್ಲ. ಚೌಕದ ಸುತ್ತ ಸಾಲು ಅಂಗಡಿಗಳ ಗೋಡೆ ಇನ್ನೂ ಉಳಿದಿದೆ. ಒಂದೊಂದೂ ನಮ್ಮ ಬೀದಿ ದರ್ಜಿಯ ಅಂಗಡಿಯಷ್ಟೇ. ಅಂಥ ಒಂದರ ಮುಂದೆ ತುಂಬ ಹೊತ್ತು ನಿಂತೆ. ಸೂಜಿ ಕೈಯಲ್ಲಿ, ಮಾತು ಬಾಯಲ್ಲಿ. ಗಿರಾಕಿ ಬರುತ್ತಾನೆ, ಕಾಯುತ್ತಾ ಕೂರುತ್ತಾನೆ, ಕೇಳುತ್ತಾನೆ. ಈ ಧರ್ಮ ಹರಡಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಅರಿಯೊಪಾಗ ತೋರಿಸುವುದಿಲ್ಲ, ಈ ಅಂಗಡಿ ತೋರಿಸುತ್ತೇನೆ.

ಚೌಕದ ನಡುವೆ ಬೇಮಾ, ಅಂದರೆ ಅಧಿಕಾರಿ ಕೂತು ತೀರ್ಪು ಕೊಡುತ್ತಿದ್ದ ಎತ್ತರದ ಕಟ್ಟೆ. ಪೌಲನ ಮೇಲಿನ ದೂರನ್ನು ಗಲ್ಲಿಯೋ ತಳ್ಳಿಹಾಕಿದ್ದು ಇಲ್ಲೇ. ಇದು ನಿಮ್ಮ ಧರ್ಮದ ಮಾತು, ನೀವೇ ನೋಡಿಕೊಳ್ಳಿ ಅಂದ. ಗಲ್ಲಿಯೋ ತತ್ವಜ್ಞಾನಿ ಸೆನೆಕಾನ ಅಣ್ಣ. ಡೆಲ್ಫಿಯಲ್ಲಿ ಸಿಕ್ಕ ಕ್ಲಾಡಿಯಸ್ಸಿನ ಶಾಸನದ ಚೂರುಗಳಲ್ಲಿ ಅವನ ಹೆಸರಿದೆ. ಅದರಿಂದ ಅವನು ಇಲ್ಲಿ ಅಧಿಕಾರದಲ್ಲಿದ್ದದ್ದು 51-52ರ ಸುಮಾರಿಗೆ ಅಂತ ಗೊತ್ತಾಯಿತು. ಪೌಲನ ಬದುಕಿನ ಉಳಿದ ಇಸವಿಗಳನ್ನು ಲೆಕ್ಕ ಹಾಕುವುದು ಈ ಒಂದು ಗೂಟಕ್ಕೆ ಕಟ್ಟಿಯೇ.

ಕೊರಿಂಥದವರಿಗೆ ಬರೆದ ಕಾಗದದಲ್ಲಿ ಬೈಗುಳ ಜಾಸ್ತಿ. ಅದರಲ್ಲೂ ಊಟದ ವಿಷಯಕ್ಕೆ. ಎಲ್ಲರೂ ಒಬ್ಬ ಅನುಕೂಲಸ್ಥನ ಮನೆಯಲ್ಲಿ ಸೇರುತ್ತಿದ್ದರು. ರೋಮನ್ನರ ಊಟದ ಕೋಣೆಯಲ್ಲಿ ಒರಗಿ ಕೂರಲು ಜಾಗ ಇರುತ್ತಿದ್ದದ್ದು ಒಂಬತ್ತು ಜನಕ್ಕೆ. ಉಳಿದವರು ಅಂಗಳದಲ್ಲೇ ಇದ್ದಿರಬೇಕು. ಬಿಡುವಿದ್ದವರು ಮೊದಲೇ ಬಂದು ಉಂಡು ಕುಡಿಯುತ್ತಿದ್ದರು. ಕೂಲಿಯವರು, ಗುಲಾಮರು ಬರುವ ಹೊತ್ತಿಗೆ ಪಾತ್ರೆ ಖಾಲಿ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಇದು ಕರ್ತನ ಊಟವೇ ಅಲ್ಲ, ಅಂದರೆ ಏಸುವಿನ ನೆನಪಿಗೆ ಒಟ್ಟಿಗೆ ಉಣ್ಣುವ ಊಟವೇ ಅಲ್ಲ ಅಂತ ಪೌಲ ಗದರುತ್ತಾನೆ. ಪಂಕ್ತಿಭೇದ ಅನ್ನೋ ಮಾತನ್ನು ಕೇಳಿ ಬೆಳೆದ ನಮಗೆ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಕಾಗಿಲ್ಲ. ಅಜ್ಜಿ ಈ ಭಾಗ ಓದುವಾಗ ದನಿ ಏರುತ್ತಿತ್ತು.

ಮ್ಯೂಸಿಯಮ್ಮಿನಲ್ಲಿ ಸಭಾಮಂದಿರದ ಬಾಗಿಲ ಕಲ್ಲು ನೋಡಿದೆ. ಗ್ರೀಕಿನಲ್ಲಿ "ಹೀಬ್ರೂಗಳ ಸಭಾಮಂದಿರ" ಅಂತಿದೆ. ಪೌಲನ ಕಾಲದ್ದಲ್ಲ, ಅದಕ್ಕಿಂತ ಈಚಿನದು. ರಂಗಮಂದಿರದ ಹತ್ತಿರ ನೆಲಹಾಸಿನಲ್ಲಿ ಎರಾಸ್ತನ ಹೆಸರು ದೊಡ್ಡ ಲ್ಯಾಟಿನ್ ಅಕ್ಷರದಲ್ಲಿದೆ. ತನಗೆ ಸಿಕ್ಕ ಅಧಿಕಾರಕ್ಕಾಗಿ ಈ ಹಾಸುಗಲ್ಲು ಸ್ವಂತ ಖರ್ಚಿನಲ್ಲಿ ಹಾಕಿಸಿದ ಅಂತ. ಪೌಲ ಹೇಳುವ ಊರ ಖಜಾನೆಯ ಎರಾಸ್ತ ಇವನೇನಾ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ.

ಸಂಜೆ ಕೆಂಖ್ರೆಗೆ ಹೋದೆ, ಈಗಿನ ಕೆಖ್ರಿಯೆಸ್. ಕೊರಿಂಥದ ಪೂರ್ವದ ಬಂದರು. ಭೂಕಂಪಗಳಿಂದ ನೆಲ ಕುಸಿದು ಹಳೇ ಕಟ್ಟೆ, ಗೋಡೆಗಳು ಅರ್ಧ ನೀರಿನೊಳಗಿವೆ. ಒಂದು ಹಳೇ ಚರ್ಚಿನ ತಳಪಾಯವೂ ಅಲ್ಲೇ ಇದೆ. 1960ರ ದಶಕದಲ್ಲಿ ಇಲ್ಲಿ ನೀರಡಿಯ ಕೋಣೆಯೊಂದರಲ್ಲಿ ಪೆಟ್ಟಿಗೆಗಳಲ್ಲಿ ಇಟ್ಟಿದ್ದ ಹಾಗೇ ಉಳಿದಿದ್ದ ಬಣ್ಣದ ಗಾಜಿನ ಚಿತ್ರಫಲಕಗಳು ನೂರಕ್ಕೂ ಜಾಸ್ತಿ ಸಿಕ್ಕವು. ಗೋಡೆಗೆ ಕೂರಿಸುವ ಮೊದಲೇ ಭೂಮಿ ನಡುಗಿತ್ತು.

ಚಪ್ಪಲಿ ಬಿಚ್ಚಿ ನೀರಿಗಿಳಿದೆ. ಮೊಣಕಾಲು ಮುಳುಗುವಷ್ಟೇ ಆಳ. ಫೊಯಿಬೆ ಈ ಊರಿನವಳು. ರೋಮಿನವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲ ಅವಳನ್ನು ಕೆಂಖ್ರೆಯ ಸಭೆಯ ಸೇವಕಿ ಅನ್ನುತ್ತಾನೆ. ನನಗೂ ಎಷ್ಟೋ ಜನಕ್ಕೂ ಆಸರೆ ಆದವಳು, ಅವಳಿಗೆ ಏನು ಬೇಕೋ ಮಾಡಿಕೊಡಿ ಅನ್ನುತ್ತಾನೆ. ಆ ಕಾಗದವನ್ನು ರೋಮಿಗೆ ಒಯ್ದವಳು ಅವಳೇ ಅನ್ನುವುದು ತುಂಬ ಜನರ ಅಭಿಪ್ರಾಯ. ಸುಮಾರು 57ನೇ ಇಸವಿ.

ದಡಕ್ಕೆ ಬಂದು ಆ ಅಧ್ಯಾಯ ತೆಗೆದೆ. ಪುಟದ ಅಂಚಿನಲ್ಲಿ ಅಜ್ಜಿಯ ಪೆನ್ಸಿಲ್ ಗುರುತುಗಳು. ಹೆಂಗಸರ ಹೆಸರಿಗೆಲ್ಲ ಒಂದೊಂದು ಚುಕ್ಕೆ ಇಟ್ಟಿದ್ದರು. ನಾನು ಗಟ್ಟಿಯಾಗಿ ಓದಿದೆ. ಪ್ರಿಸ್ಕಳಿಗೆ ವಂದನೆ ಹೇಳಿರಿ. ಮರಿಯಳಿಗೆ ಹೇಳಿರಿ. ತ್ರುಫೈನಳಿಗೆ, ತ್ರುಫೋಸಳಿಗೆ. ಪೆರ್ಸೀಸಳಿಗೆ. ರೂಫನ ತಾಯಿಗೆ, ಅವಳು ನನಗೂ ತಾಯಿ. ಟ್ಯಾಕ್ಸಿಯವರು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು. ಕನ್ನಡ ಅವರಿಗೆ ಒಂದಕ್ಷರ ಬಾರದು. ಹೆಸರುಗಳು ಮಾತ್ರ ಗೊತ್ತಾದವು. ಒಂದೊಂದು ಹೆಸರು ಬಂದಾಗಲೂ ಅದನ್ನು ತಮ್ಮ ಗ್ರೀಕಿನಲ್ಲಿ ಮೆಲ್ಲಗೆ ತಿರುಗಿ ಹೇಳುತ್ತಿದ್ದರು.